ಹದಿಮೂರು ವರ್ಷದ ಡ್ರೈ ಡೇ

ಮೂವತ್ತೊಂದು ವರ್ಷ ಅಬಕಾರಿ ಇಲಾಖೆಯಲ್ಲಿ ದುಡಿದವನು ನಾನು. ಗುಮಾಸ್ತನಾಗಿ ಸೇರಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದೆ. ಸನ್ನದು, ಪರ್ಮಿಟ್, ಸ್ಟಾಕ್ ರಿಜಿಸ್ಟರ್, ರೇಡು, ಮಹಜರು, ಇಷ್ಟರಲ್ಲೇ ಆಯಸ್ಸು ಕಳೆಯಿತು. ಒಂದು ತೊಟ್ಟು ಕುಡಿದವನಲ್ಲ. ಗೋದಾಮಿನ ವಾಸನೆಯೇ ಸಾಕಾಗಿತ್ತು.

ಮಗಳ ಮನೆ ಅಂತ ಓಹಾಯೋದ ಕೊಲಂಬಸ್‌ಗೆ ಬಂದು ಎರಡು ತಿಂಗಳಾಗಿತ್ತು. ನಯಾಗರಾ ನೋಡಿ ಮುಗಿದಿತ್ತು. "ಇನ್ನೆಲ್ಲಿಗೆ ಹೋಗೋಣ ಮಾವ?" ಅಂತ ಅಳಿಯಂದಿರು ಕೇಳಿದರು. "ಡಿಸ್ನಿ ಗಿಸ್ನಿ ಬೇಡ. ನಿಮ್ಮ ಈ ದೇಶದವರು ಒಂದು ಕಾಲಕ್ಕೆ ಇಡೀ ದೇಶದಲ್ಲೇ ಹೆಂಡ ನಿಲ್ಲಿಸಿದ್ದರಂತಲ್ಲ, ಆ ಜಾಗಗಳನ್ನ ತೋರಿಸಿ" ಅಂದೆ. ಅಳಿಯಂದಿರು ನನ್ನ ಮುಖ ನೋಡಿದರು. ಮಗಳು ಒಳಗಿನಿಂದಲೇ ಕೂಗಿದಳು: "ಅಪ್ಪಾ, ರಿಟೈರ್ ಆದ ಮೇಲೂ ಇನ್‌ಸ್ಪೆಕ್ಷನ್ನಾ?"

ಅವಳಿಗೆ ರಜೆ ಇರಲಿಲ್ಲ. ಒಂದು ಡಬ್ಬಿ ಪುಳಿಯೋಗರೆ ಗೊಜ್ಜು, ಇಪ್ಪತ್ತು ಚಪಾತಿ, ಒಂದು ಬಾಟಲಿ ಉಪ್ಪಿನಕಾಯಿ ಕಟ್ಟಿಕೊಟ್ಟಳು. ಮಾವ, ಅಳಿಯ ಇಬ್ಬರೇ ಹೊರಟೆವು. ಅಕ್ಟೋಬರ್ ತಿಂಗಳು. ರಸ್ತೆ ಬದಿಯ ಮರಗಳೆಲ್ಲ ಅರಿಸಿನ, ಕುಂಕುಮ ಬಳಿದುಕೊಂಡಿದ್ದವು.

ಒಂದನೇ ದಿನ: ವೆಸ್ಟರ್‌ವಿಲ್

ಕೊಲಂಬಸ್‌ಗೆ ಅಂಟಿಕೊಂಡೇ ಇರುವ ಸಣ್ಣ ಊರು. ಇಲ್ಲಿನ ಸಾರ್ವಜನಿಕ ಗ್ರಂಥಾಲಯದ ಜೊತೆಗೇ ಆಂಟಿ ಸಲೂನ್ ಲೀಗಿನ ಕಥೆ ಹೇಳುವ ಮ್ಯೂಸಿಯಂ ಇದೆ. ಹೆಸರು ಕೇಳಿ ಕ್ಷೌರದಂಗಡಿ ನೆನಪಾದರೆ ತಪ್ಪು ನಿಮ್ಮದಲ್ಲ. ಇಲ್ಲಿ ಸಲೂನ್ ಅಂದರೆ ಹೆಂಡದಂಗಡಿ. ಕರಾವಳಿಯವರ ಮಾತಲ್ಲಿ ಗಡಂಗು.

ಈ ಲೀಗ್ 1893ರಲ್ಲಿ ಓಹಾಯೋದ ಓಬರ್ಲಿನ್‌ನಲ್ಲಿ ಹುಟ್ಟಿತು. 1909ರಲ್ಲಿ ವೆಸ್ಟರ್‌ವಿಲ್‌ಗೆ ಬಂದು ಮುದ್ರಣಾಲಯ ಹಾಕಿತು. ಕರಪತ್ರ, ಪೋಸ್ಟರ್, ಪತ್ರಿಕೆ ಅಂತ ಟನ್‌ಗಟ್ಟಲೆ ಕಾಗದ ಈ ಊರಿನ ಅಂಚೆ ಕಚೇರಿಯಿಂದ ದೇಶದ ಮೂಲೆ ಮೂಲೆಗೆ ಹೋಗುತ್ತಿತ್ತು. ಆ ಕಾಗದಗಳ ವಾದ ತುಂಬಾ ಸರಳ. ಗಂಡ ಕುಡಿದರೆ ಹೆಂಡತಿ ಮಕ್ಕಳು ಉಪವಾಸ. ನಮ್ಮ ಊರುಗಳ ಗೋಡೆ ಮೇಲೆ ಬರೆಸುತ್ತಿದ್ದ ಘೋಷಣೆಯೂ ಇದೇ ಅಲ್ವಾ?

ಈ ಊರನ್ನೇ ಯಾಕೆ ಆರಿಸಿಕೊಂಡರು ಅನ್ನುವುದಕ್ಕೂ ಕಥೆಯಿದೆ. ವೆಸ್ಟರ್‌ವಿಲ್‌ನವರು 1859ರಲ್ಲೇ ಊರಲ್ಲಿ ಹೆಂಡ ಮಾರುವಂತಿಲ್ಲ ಅಂತ ನಿಯಮ ಮಾಡಿಕೊಂಡಿದ್ದರು. 1875ರಲ್ಲಿ ಹೆನ್ರಿ ಕಾರ್ಬಿನ್ ಎಂಬಾತ ಧೈರ್ಯ ಮಾಡಿ ಒಂದು ಸಲೂನ್ ತೆರೆದ. ಊರವರು ಮೊದಲು ಚರ್ಚಿನ ಗಂಟೆ ಬಾರಿಸಿದರು, ಪ್ರಾರ್ಥನೆ ಮಾಡಿದರು. ಆತ ಜಗ್ಗಲಿಲ್ಲ. ಒಂದು ರಾತ್ರಿ ಸಿಡಿಮದ್ದು ಇಟ್ಟು ಅಂಗಡಿಯನ್ನೇ ಹಾರಿಸಿದರು. ನಾಲ್ಕು ವರ್ಷ ಬಿಟ್ಟು ಅವನೇ ಮತ್ತೆ ಬಂದು ಹೋಟೆಲಿನಲ್ಲಿ ವ್ಯಾಪಾರ ಶುರು ಮಾಡಿದ. ಅದನ್ನೂ ಹಾರಿಸಿದರು. ನನ್ನ ಸರ್ವೀಸಿನಲ್ಲಿ ಲೈಸೆನ್ಸ್ ರದ್ದು ಮಾಡಲು ಎಷ್ಟು ನೋಟಿಸ್ ಕೊಡಬೇಕಿತ್ತು ಅಂತ ನೆನೆದು ನಗು ಬಂತು.

ಲೀಗಿನ ಮುಖ್ಯ ತಲೆ ವೇಯ್ನ್ ವೀಲರ್. ಚಿಕ್ಕವನಿದ್ದಾಗ ಹೊಲದಲ್ಲಿ ಕುಡಿದ ಆಳೊಬ್ಬ ಹುಲ್ಲೆತ್ತುವ ಕವೆಗೋಲಿನಿಂದ ಅವನ ಕಾಲಿಗೆ ಚುಚ್ಚಿದ್ದನಂತೆ. ಆ ಕಥೆಯನ್ನು ಆತ ಆಯುಷ್ಯವಿಡೀ ಹೇಳಿಕೊಂಡು ಓಡಾಡಿದ. ಅವನ ಲೆಕ್ಕಾಚಾರ ಮಾತ್ರ ಪಕ್ಕಾ ರಾಜಕಾರಣಿಯದು. ನೀನು ಯಾವ ಪಕ್ಷವಾದರೂ ಸರಿ. ಮನೆಯಲ್ಲಿ ಕೂತು ಕುಡಿದರೂ ಸರಿ. ಸದನದಲ್ಲಿ ಹೆಂಡದ ವಿರುದ್ಧ ಕೈ ಎತ್ತಬೇಕು, ಅಷ್ಟೇ. ಎತ್ತದಿದ್ದರೆ ಮುಂದಿನ ಚುನಾವಣೆಯಲ್ಲಿ ಸೋಲಿಸುತ್ತೇವೆ. ಎರಡು ಪಕ್ಷ ಸಮಸಮ ಇರುವ ಕಡೆ ಸ್ವಲ್ಪವೇ ಮತ ಆಚೀಚೆ ಮಾಡಿದರೂ ಸಾಕು, ಫಲಿತಾಂಶ ಬದಲಾಗುತ್ತದೆ. ಕುಡಿಯುವ ಶಾಸಕರೇ ಪಾನನಿಷೇಧಕ್ಕೆ ಮತ ಹಾಕಿದ್ದು ಹೀಗೆ.

ಇಲ್ಲಿ ನನಗೆ ಒಬ್ಬ ನೆಂಟನೂ ಸಿಕ್ಕ. ವಿಲಿಯಂ ಜಾನ್ಸನ್ ಅಂತ. ಮೂಲನಿವಾಸಿಗಳ ಪ್ರದೇಶದಲ್ಲಿ ಕಳ್ಳ ಹೆಂಡ ಹಿಡಿಯುವ ಅಧಿಕಾರಿ. ಅಂದರೆ ನಮ್ಮ ಇಲಾಖೆಯವನೇ ಅನ್ನಿ. ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ರೇಡು ಮಾಡುತ್ತಾನೆ ಅಂತ 'ಪುಸಿಫುಟ್' ಅನ್ನುವ ಅಡ್ಡಹೆಸರು ಬಿತ್ತು. 1919ರಲ್ಲಿ ಲಂಡನ್ನಿಗೆ ಭಾಷಣಕ್ಕೆ ಹೋದಾಗ ಪುಂಡ ವಿದ್ಯಾರ್ಥಿಗಳ ಗಲಾಟೆಯಲ್ಲಿ ಒಂದು ಕಣ್ಣು ಕಳೆದುಕೊಂಡ. ಅದೇ ಒಂದು ಕಣ್ಣಲ್ಲಿ 1921ರಲ್ಲಿ ಭಾರತಕ್ಕೂ ಬಂದಿದ್ದ. ಗಾಂಧೀಜಿಯವರ ಅಸಹಕಾರ ಚಳವಳಿಯವರು ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ಮಾಡುತ್ತಿದ್ದ ವರ್ಷ ಅದು.

ಸಂಜೆ ಊರಿನ ಮುಖ್ಯ ಬೀದಿಯಲ್ಲಿ ಅಡ್ಡಾಡಿದೆವು. ಲೀಗಿನ ದೊಡ್ಡವರು ಮನೆ ಕಟ್ಟಿಕೊಂಡಿದ್ದ ಬೀದಿಗೆ ಈಗಲೂ ಟೆಂಪರೆನ್ಸ್ ರೋ ಅನ್ನುತ್ತಾರೆ. ಮುಖ್ಯ ಬೀದಿಯಲ್ಲಿ ಜನ ಆರಾಮಾಗಿ ಬಿಯರ್ ಕುಡಿಯುತ್ತಿದ್ದರು. ದೇಶದಲ್ಲಿ ನಿಷೇಧ ಹೋದ ಮೇಲೂ ಈ ಊರು ಪಟ್ಟು ಬಿಟ್ಟಿರಲಿಲ್ಲ. 2006ರ ಜನವರಿಯಲ್ಲಿ ಒಂದು ಪಿಜ್ಜಾ ಅಂಗಡಿಯಲ್ಲಿ ಇಲ್ಲಿನ ಮೊದಲ ಕಾನೂನುಬದ್ಧ ಬಿಯರ್ ಸುರಿದರು. ನಾವಿಬ್ಬರೂ ಕಾಫಿ ಕುಡಿದು ಮನೆಗೆ ಬಂದು ಮಲಗಿದೆವು.

ಎರಡನೇ ದಿನ: ಹಿಲ್ಸ್‌ಬರೋ, ಸಿನ್ಸಿನಾಟಿ

ಸಿನ್ಸಿನಾಟಿ ದಾರಿಯಿಂದ ಸ್ವಲ್ಪ ಪಕ್ಕಕ್ಕೆ ಹೋದರೆ ಹಿಲ್ಸ್‌ಬರೋ. 1873ರ ಕ್ರಿಸ್‌ಮಸ್ ಹಿಂದಿನ ದಿನ ಈ ಊರಿನ ಹೆಂಗಸರು ಇಲೈಜಾ ಥಾಂಪ್ಸನ್ ಎಂಬ ಮಾಜಿ ಗವರ್ನರ್ ಮಗಳನ್ನು ಮುಂದೆ ಮಾಡಿಕೊಂಡು ಹೆಂಡ ಮಾರುವ ಒಂದೊಂದೇ ಅಂಗಡಿಗೆ ನಡೆದರು. ಒಳಗೆ ಬಿಟ್ಟರೆ ಒಳಗೆ, ಇಲ್ಲದಿದ್ದರೆ ಹೊರಗೆ ಚಳಿಯಲ್ಲೇ ಮಂಡಿಯೂರಿ ಪ್ರಾರ್ಥನೆ. ಅದೇ ಚಳಿಗಾಲದಲ್ಲಿ ಈ ಕಿಡಿ ಊರಿಂದೂರಿಗೆ ಹಬ್ಬಿತು. ನಾವು ಅಲ್ಲಿ ಅರ್ಧ ಗಂಟೆ ನಿಂತು ಚಪಾತಿ ತಿಂದು ಹೊರಟೆವು.

ಸಿನ್ಸಿನಾಟಿಯ ಓವರ್ ದ ರೈನ್ ಬಡಾವಣೆ ಒಂದು ಕಾಲಕ್ಕೆ ಜರ್ಮನ್ನರ ಕೇರಿ. ಬೀದಿಗೊಂದು ಬಿಯರ್ ಕಾರ್ಖಾನೆ. ಕೆಂಪು ಇಟ್ಟಿಗೆಯ ಕಟ್ಟಡಗಳ ಕೆಳಗೆ ಬಿಯರ್ ತಂಪಾಗಿಡುವ ಸುರಂಗಗಳು ಈಗಲೂ ಇವೆ. ಗೈಡ್ ಹಿಂದೆ ಒಂದರೊಳಗೆ ಇಳಿದೆವು. ಮಣ್ಣಿನ ವಾಸನೆ ಬಿಟ್ಟರೆ ಏನೂ ಇಲ್ಲ. 1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕೆ ಇಳಿದದ್ದೇ ತಡ, ಬಿಯರ್ ಅಂದರೆ ವೈರಿಯ ಪಾನೀಯ ಆಯಿತು. ಬ್ರೆಮೆನ್ ಸ್ಟ್ರೀಟ್ ಹೋಗಿ ರಿಪಬ್ಲಿಕ್ ಸ್ಟ್ರೀಟ್ ಆಯಿತು. ಕಾಳು ಬೇರೆ ಸೈನಿಕರ ರೊಟ್ಟಿಗೆ ಬೇಕಿತ್ತು. ಬಿಯರ್ ಮಾಡುವವರ ಪರ ಮಾತಾಡುವವನೇ ದೇಶದ್ರೋಹಿ ಅನ್ನಿಸುವಂಥ ಹೊತ್ತಲ್ಲಿ ವೀಲರ್ ತನ್ನ ಕೆಲಸ ಮಾಡಿಸಿಕೊಂಡ.

ಮಧ್ಯಾಹ್ನ ಈಡನ್ ಪಾರ್ಕ್‌ಗೆ ಹೋದೆವು. ಈ ಯಾತ್ರೆಯಲ್ಲಿ ನಾನು ಕಾದಿದ್ದೇ ಈ ಜಾಗಕ್ಕೆ. ಇಲ್ಲಿ ಒಂದು ಪುಟ್ಟ ಬಣ್ಣದ ಮಂಟಪವಿದೆ. ಅದರ ಹತ್ತಿರವೇ 1927ರ ಅಕ್ಟೋಬರ್ 6ರಂದು ಜಾರ್ಜ್ ರೀಮಸ್ ಎಂಬಾತ ತನ್ನ ಹೆಂಡತಿಯನ್ನು ಗುಂಡಿಟ್ಟು ಕೊಂದ.

ಕೊಲೆಗಿಂತ ನನಗೆ ಅವನ ಫೈಲು ಮುಖ್ಯ. ಅವನ ಕಥೆ ಅರ್ಥವಾಗಬೇಕಾದರೆ ಕಾನೂನು ಏನು ಹೇಳಿತ್ತು ಅಂತ ತಿಳಿಯಬೇಕು. ಸಂವಿಧಾನದ 18ನೇ ತಿದ್ದುಪಡಿ ಮದ್ಯ ಮಾಡುವುದನ್ನು, ಮಾರುವುದನ್ನು, ಸಾಗಿಸುವುದನ್ನು ನಿಲ್ಲಿಸಿತು. ಕುಡಿಯುವುದನ್ನಲ್ಲ! ನಿಷೇಧ ಬರುವ ಮುಂಚೆ ಕೊಂಡಿಟ್ಟಿದ್ದನ್ನು ಮನೆಯಲ್ಲಿ ಕೂತು ಕುಡಿದರೆ ತಪ್ಪಿಲ್ಲ. ದುಡ್ಡಿದ್ದವರು ನೆಲಮಾಳಿಗೆ ತುಂಬಿಸಿಕೊಂಡರು. ತಿದ್ದುಪಡಿಯನ್ನು ಜಾರಿ ಮಾಡಲು 1919ರಲ್ಲಿ ವೋಲ್‌ಸ್ಟೆಡ್ ಕಾಯ್ದೆ ಬಂತು. ಅಧ್ಯಕ್ಷ ವಿಲ್ಸನ್ ವೀಟೋ ಹಾಕಿದರೂ ಸಂಸತ್ತು ಅದನ್ನು ದಾಟಿ ಪಾಸು ಮಾಡಿತು. ಅರ್ಧ ಪರ್ಸೆಂಟ್‌ಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅದು ಮದ್ಯ. ಅಬ್ಬಾ ಎಷ್ಟು ಬಿಗಿ, ಅನ್ನಬೇಡಿ. ಕೆಳಗೆ ಓದುತ್ತಾ ಹೋದರೆ ವಿನಾಯಿತಿಗಳ ಪಟ್ಟಿ. ಚರ್ಚಿಗೆ ವೈನ್ ಬೇಕು, ಬಿಟ್ಟರು. ಯಹೂದಿಗಳ ಪೂಜೆಗೆ ಬೇಕು, ಬಿಟ್ಟರು. ಕಾರ್ಖಾನೆಗೆ ಸ್ಪಿರಿಟ್ ಬೇಕು, ಬಿಟ್ಟರು. ರೈತರ ಮನೆಯ ಹಣ್ಣಿನ ರಸ ಬಿಟ್ಟರು. ಡಾಕ್ಟರ್ ಚೀಟಿ ಬರೆದರೆ ವಿಸ್ಕಿ ಔಷಧಿ, ಅದನ್ನೂ ಬಿಟ್ಟರು. ಹತ್ತು ದಿನಕ್ಕೆ ಒಬ್ಬ ರೋಗಿಗೆ ಒಂದು ಪಿಂಟ್, ಅಂದರೆ ಹೆಚ್ಚುಕಮ್ಮಿ ಅರ್ಧ ಲೀಟರ್. ಎಲ್ಲದಕ್ಕೂ ಪರ್ಮಿಟ್.

ನಮ್ಮ ಇಲಾಖೆಯಲ್ಲಿ ಹಳೆಯ ಸೂಪರಿಂಟೆಂಡೆಂಟರೊಬ್ಬರು ಹೇಳುತ್ತಿದ್ದರು, ಕಳ್ಳಭಟ್ಟಿ ಕಾಡಲ್ಲಿ ಹುಟ್ಟುವುದಿಲ್ಲ ಕಣ್ರೀ, ಪರ್ಮಿಟ್ ಪುಸ್ತಕದಲ್ಲಿ ಹುಟ್ಟುತ್ತೆ ಅಂತ. ರೀಮಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಆತ ಮೊದಲು ಔಷಧಿ ಅಂಗಡಿಯವನು, ಆಮೇಲೆ ಶಿಕಾಗೋದಲ್ಲಿ ವಕೀಲ. ಕಾಯ್ದೆಯನ್ನು ಗಟ್ಟಿ ಓದಿಕೊಂಡ. ನಿಷೇಧ ಬಂದ ದಿನ ಸರ್ಕಾರದ ಬೀಗ ಹಾಕಿದ ಗೋದಾಮುಗಳಲ್ಲಿ ವಿಸ್ಕಿ ರಾಶಿ ಇತ್ತು. ಅದರ ಬಹುಪಾಲು ಸಿನ್ಸಿನಾಟಿ ಸುತ್ತಮುತ್ತ, ಕೆಂಟಕಿ ಕಡೆ. ಈತ ಇಲ್ಲಿಗೇ ಮನೆ ಬದಲಿಸಿ ಡಿಸ್ಟಿಲರಿಗಳನ್ನೇ ಕೊಂಡುಬಿಟ್ಟ. ಸ್ವಂತದ್ದೊಂದು ಔಷಧಿ ಕಂಪನಿ ತೆರೆದ. ಕಂಪನಿ ಹೆಸರಲ್ಲಿ ಔಷಧಿ ವಿಸ್ಕಿಗೆ ಪರ್ಮಿಟ್ ತೆಗೆದ. ಮಾಲು ಕಾನೂನಾಗಿ ಗೋದಾಮಿನಿಂದ ಹೊರಬರುತ್ತಿತ್ತು. ದಾರಿಯಲ್ಲಿ ಅವನ ಲಾರಿಗಳನ್ನು ಅವನದೇ ಜನ ಲೂಟಿ ಮಾಡುತ್ತಿದ್ದರು! ರಿಜಿಸ್ಟರ್‌ನಲ್ಲಿ ಕಳ್ಳತನ, ಪೇಟೆಯಲ್ಲಿ ಚಿನ್ನದ ಬೆಲೆ. ಮಂಟಪದ ಮೆಟ್ಟಿಲ ಮೇಲೆ ಕೂತು ಇದನ್ನು ಹೇಳುವಾಗ ನನ್ನ ದನಿಯಲ್ಲಿ ಮೆಚ್ಚುಗೆ ಇತ್ತು ಅಂತ ಅಳಿಯಂದಿರು ಮಗಳಿಗೆ ಆಮೇಲೆ ವರದಿ ಮಾಡಿದರು. ಇರಬಹುದು. ಒಳ್ಳೆಯ ಕಳ್ಳನನ್ನು ಒಳ್ಳೆಯ ಗುಮಾಸ್ತನೇ ಗುರುತಿಸಬೇಕು.

ರೀಮಸ್ ಸಿಕ್ಕಿಬಿದ್ದು ಜೈಲಿಗೆ ಹೋದಾಗ ಹೆಂಡತಿ ಇಮೋಜಿನ್ ಒಬ್ಬ ನಿಷೇಧದ ಏಜೆಂಟನ ಜೊತೆಗೇ ಸೇರಿ ಆಸ್ತಿ ಕರಗಿಸಿದಳು. ವಿಚ್ಛೇದನದ ಕೋರ್ಟಿಗೆ ಹೊರಟವಳನ್ನು ಆತ ಈ ಪಾರ್ಕಿನಲ್ಲಿ ಅಡ್ಡಗಟ್ಟಿದ. ಸರ್ಕಾರದ ಪರ ವಕೀಲ ಮಾಜಿ ಅಧ್ಯಕ್ಷ ಟಾಫ್ಟರ ಮಗ. ಆದರೂ ಜ್ಯೂರಿಯವರು 19 ನಿಮಿಷದಲ್ಲಿ, ತಲೆ ಕೆಟ್ಟಿತ್ತು ಪಾಪ, ಅಂತ ಬಿಟ್ಟುಬಿಟ್ಟರು. ಕೊಂದವನು ಹೀರೋ, ಸತ್ತವಳನ್ನು ಕೇಳುವವರಿಲ್ಲ. ಈಗ ಅದೇ ಮಂಟಪದ ಮುಂದೆ ಹೊಸ ಜೋಡಿಗಳು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಮೂರನೇ ದಿನ: ದಾರಿ

ಸಿನ್ಸಿನಾಟಿಯಿಂದ ಶಿಕಾಗೋಗೆ ಸುಮಾರು 480 ಕಿಲೋಮೀಟರ್. ಇಂಡಿಯಾನಾ ಪೂರ್ತಿ ಮೆಕ್ಕೆಜೋಳದ ಹೊಲ. ನೋಡಲು ಬೇರೆ ಏನೂ ಇಲ್ಲ. ಮಾತಾಡಲು ಇತ್ತು.

"ಮಾವ, ಅಷ್ಟು ವರಮಾನ ಬರುವ ಬಾಬತ್ತನ್ನ ಯಾವ ಸರ್ಕಾರ ಬಿಡುತ್ತೆ?" ಅಂತ ಅಳಿಯಂದಿರು ಕೇಳಿದರು. ಸರಿಯಾದ ಪ್ರಶ್ನೆ. ಅಮೆರಿಕದ ಕೇಂದ್ರ ಸರ್ಕಾರದ ವರಮಾನದಲ್ಲಿ ಮೂರನೇ ಒಂದರಷ್ಟು ಮದ್ಯದ ಸುಂಕದಿಂದಲೇ ಬರುತ್ತಿದ್ದ ಕಾಲ ಅದು. 1913ರಲ್ಲಿ ಇನ್ನೊಂದು ತಿದ್ದುಪಡಿ ಬಂದು ಆದಾಯ ತೆರಿಗೆ ಶುರುವಾಯಿತು. ಅಲ್ಲಿಯತನಕ ಹೆಂಡ ಬೇಡ ಅನ್ನುವವರ ಕೈ ಕಟ್ಟಿದ್ದು ಖಜಾನೆ. ಈಗ ಆ ಗಂಟು ಬಿಚ್ಚಿತು. 1917ರ ಡಿಸೆಂಬರ್‌ನಲ್ಲಿ ಸಂಸತ್ತು ನಿಷೇಧದ ತಿದ್ದುಪಡಿಯನ್ನು ರಾಜ್ಯಗಳ ಒಪ್ಪಿಗೆಗೆ ಕಳಿಸಿತು. 1919ರ ಜನವರಿ 16ಕ್ಕೆ ನೆಬ್ರಾಸ್ಕಾ, ಜಾರಿಗೆ ಬೇಕಿದ್ದ 36ನೇ ರಾಜ್ಯವಾಗಿ ಸಹಿ ಹಾಕಿತು. ಹದಿಮೂರು ತಿಂಗಳು. ನಮ್ಮಲ್ಲಿ ಒಂದು ಬಡ್ತಿ ಫೈಲು ತಾಲ್ಲೂಕಿನಿಂದ ಜಿಲ್ಲೆಗೆ ಹೋಗಲು ಅಷ್ಟು ಹಿಡಿದದ್ದನ್ನು ಕಂಡಿದ್ದೇನೆ. ಇದ್ದ 48 ರಾಜ್ಯಗಳಲ್ಲಿ ಕೊನೆತನಕ ಒಪ್ಪದೆ ಉಳಿದದ್ದು ಕನೆಕ್ಟಿಕಟ್, ರೋಡ್ ಐಲೆಂಡ್ ಎರಡೇ. 1920ರ ಜನವರಿ 17ರಿಂದ ದೇಶಕ್ಕೆಲ್ಲ ಡ್ರೈ ಡೇ.

ಜಾರಿ ಮಾಡಲು ಶುರುವಿನಲ್ಲಿ ನೇಮಿಸಿದ ಏಜೆಂಟರು ಸುಮಾರು 1,500. ಅಷ್ಟು ದೊಡ್ಡ ದೇಶ, ಎರಡು ಕಡೆ ಸಮುದ್ರ, ಎರಡು ಕಡೆ ಗಡಿ! ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ, ರಾಜಕಾರಣಿಗಳ ಶಿಫಾರಸಿನ ಮೇಲೆ ಕೆಲಸ. ಸಂಬಳ ಕಮ್ಮಿ. ಅಂಥವನ ಮುಂದೆ ರೀಮಸ್‌ನಂಥವನು ನೋಟಿನ ಕಂತೆ ಇಟ್ಟರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ರಾತ್ರಿ ಶಿಕಾಗೋ ಹೊರವಲಯದ ಮೋಟೆಲಿಗೆ ಹೋದರೆ ನಮ್ಮ ಹೆಸರೇ ಇಲ್ಲ. ಅಳಿಯಂದಿರು ಗಡಿಬಿಡಿಯಲ್ಲಿ ನವೆಂಬರ್ ತಿಂಗಳಿಗೆ ಬುಕ್ ಮಾಡಿದ್ದರು. ಇನ್ನೊಂದು ಕಡೆ ಜಾಗ ಸಿಗುವಷ್ಟರಲ್ಲಿ ಹನ್ನೊಂದು ಗಂಟೆ. ರೂಮಿನಲ್ಲಿ ಕೂತು ತಣ್ಣನೆಯ ಪುಳಿಯೋಗರೆ ತಿಂದೆವು. ಅವರು ಮೂರು ಸಲ "ಸಾರಿ ಮಾವ" ಅಂದರು.

ನಾಲ್ಕನೇ ದಿನ: ಇವಾನ್‌ಸ್ಟನ್

ಶಿಕಾಗೋ ಉತ್ತರಕ್ಕೆ, ಮಿಶಿಗನ್ ಸರೋವರದ ದಡದಲ್ಲಿ ಇವಾನ್‌ಸ್ಟನ್. ಇಲ್ಲಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸನ್ನದಿನಲ್ಲೇ 1855ರಲ್ಲಿ ಒಂದು ಷರತ್ತು ಸೇರಿಸಿದ್ದರು: ಸುತ್ತ ನಾಲ್ಕು ಮೈಲಿ ಒಳಗೆ ಹೆಂಡ ಮಾರುವಂತಿಲ್ಲ. ಶಾಲೆಯಿಂದ ನೂರು ಮೀಟರ್ ಇದೆಯೋ ಇಲ್ಲವೋ ಅಂತ ಟೇಪು ಹಿಡಿದು ಅಳೆದವನಿಗೆ ಈ ನಾಲ್ಕು ಮೈಲಿ ಕೇಳಿ ತಲೆ ತಿರುಗಿತು. 1972ರವರೆಗೂ ಊರಲ್ಲಿ ಒಂದು ಗ್ಲಾಸು ಸಿಗುತ್ತಿರಲಿಲ್ಲ.

ಪಾನವಿರೋಧಿ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ ಮನೆ ಶಿಕಾಗೋ ಅವೆನ್ಯೂನಲ್ಲಿದೆ. ಹಳೆಯ ಮರದ ಮನೆ, ಚೂಪು ಮಾಡು. ಈಗ ಮ್ಯೂಸಿಯಂ. ಅದು ಕೆಲವೇ ದಿನ ತೆರೆಯುತ್ತದೆ ಅಂತ ನೋಡಿಕೊಳ್ಳದೆ ಹೋದದ್ದು ನನ್ನ ತಪ್ಪು. ಬಾಗಿಲು ಹಾಕಿತ್ತು. ಬೇಲಿಯ ಆಚೆ ನಿಂತೇ ನೋಡಿದೆ.

ಹಿಲ್ಸ್‌ಬರೋ ಹೆಂಗಸರ ಕಿಡಿಯಿಂದ 1874ರಲ್ಲಿ ಮಹಿಳೆಯರ ಕ್ರೈಸ್ತ ಪಾನವಿರೋಧಿ ಸಂಘ ಹುಟ್ಟಿತು. ವಿಲ್ಲರ್ಡ್ 1879ರಿಂದ 1898ರಲ್ಲಿ ಸಾಯುವತನಕ ಅದರ ಅಧ್ಯಕ್ಷೆ. ಹೆಂಗಸರಿಗೆ ಓಟಿಲ್ಲದ ಕಾಲ. ಗಂಡ ಸಂಬಳವನ್ನೆಲ್ಲ ಸಲೂನ್‌ಗೆ ಸುರಿದರೆ ಹೆಂಡತಿ ಯಾರ ಹತ್ತಿರ ಹೋಗಬೇಕು? ಮನೆ ಉಳಿಸಿಕೊಳ್ಳಬೇಕಾದರೆ ಓಟು ಬೇಕು ಅಂತ ವಿಲ್ಲರ್ಡ್ ಎರಡನ್ನೂ ಗಂಟು ಹಾಕಿದರು. ಪಾನನಿಷೇಧ ಅಂದರೆ ಮಡಿವಂತರ ಹುಚ್ಚು ಅಂತ ಈಗಿನವರು ನಗುತ್ತಾರೆ. ನಾನು ನಗಲಾರೆ. ಒಂದು ತಾಲ್ಲೂಕಿನಲ್ಲಿ ನಾನಿದ್ದಾಗ ಕೂಲಿ ಹೆಂಗಸರು ಸಾರಾಯಿ ಪ್ಯಾಕೆಟ್‌ಗಳನ್ನು ತಂದು ಕಚೇರಿ ಬಾಗಿಲಲ್ಲಿ ಸುರಿದು ಕೂತಿದ್ದರು. ಒಬ್ಬಳ ಕೆನ್ನೆ ಊದಿಕೊಂಡಿತ್ತು. "ನಿಮ್ಮ ಸೀಲು ಐತಲ್ಲ ಸಾಮಿ ಇದರ ಮ್ಯಾಗೆ" ಅಂದಳು. ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ಅವಳ ನೆನಪಾಯಿತು.

ಈ ಬೇಲಿ ಹತ್ತಿರ ನೆನೆಯಬೇಕಾದ ಇನ್ನೊಂದು ಹೆಸರಿದೆ. ಪಂಡಿತಾ ರಮಾಬಾಯಿ. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಹತ್ತಿರದ ಮಾಳ. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಗಂಗಾಮೂಲದ ಕಾಡಿನಲ್ಲಿ. 1886ರಲ್ಲಿ ಅಮೆರಿಕಕ್ಕೆ ಬಂದಾಗ ಅವರಿಗೂ ವಿಲ್ಲರ್ಡ್‌ಗೂ ಸ್ನೇಹವಾಯಿತು. ಭಾರತದಲ್ಲಿ ಸಂಘ ಕಟ್ಟುವ ಹೊಣೆಯನ್ನು ವಿಲ್ಲರ್ಡ್ ಅವರಿಗೆ ವಹಿಸಿದರು. ಕಾರ್ಕಳದಲ್ಲಿ ನಾನು ಎರಡು ವರ್ಷ ಇದ್ದೆ. ಮಾಳದ ದಾರಿಯಲ್ಲಿ ಗೇರುಹಣ್ಣಿನ ಕಳ್ಳಭಟ್ಟಿ ಹಿಡಿಯಲು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆ ಊರಿನ ಹೆಣ್ಣುಮಗಳೊಬ್ಬಳು ನೂರು ವರ್ಷಕ್ಕೂ ಮೊದಲೇ ಹೆಂಡದ ವಿರುದ್ಧ ಮಾತಾಡುವ ಹೊಣೆ ಹೊತ್ತು ಈ ದೇಶದಿಂದ ವಾಪಸಾಗಿದ್ದು ಆಗ ನನಗೆ ಗೊತ್ತಿರಲಿಲ್ಲ. ಅಳಿಯಂದಿರು ಬೇಲಿಯ ಮುಂದೆ ನನ್ನ ಫೋಟೋ ತೆಗೆದರು. ಕಾರ್ಕಳದ ಹಳೆಯ ಗೆಳೆಯರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಒಬ್ಬರು ಹೆಬ್ಬೆಟ್ಟು ಒತ್ತಿದರು.

ಭಾನುವಾರ ಸೋಡಾ ಮಾರಬಾರದು ಅಂದಾಗ ಐಸ್‌ಕ್ರೀಮಿಗೆ ಬರೀ ಸಿರಪ್ ಸುರಿದು ಕೊಟ್ಟದ್ದೇ ಸಂಡೇ ಆಯಿತು, ಅದು ನಮ್ಮೂರಲ್ಲೇ ಹುಟ್ಟಿದ್ದು ಅಂತ ಇವಾನ್‌ಸ್ಟನ್‌ನವರು ಹೇಳುತ್ತಾರೆ. ಬೇರೆ ಊರಿನವರೂ ಹಾಗೇ ಹೇಳುತ್ತಾರಂತೆ. ನಾವು ಒಂದೊಂದು ತಿಂದೆವು. ನನಗೆ ಶುಗರ್ ಇದೆ. ಮಗಳಿಗೆ ಹೇಳಬೇಡಿ ಅಂತ ಅಳಿಯಂದಿರಿಗೆ ಹೇಳಿದೆ.

ಐದನೇ ದಿನ: ಶಿಕಾಗೋ

ಕಳ್ಳ ಹೆಂಡದ ದೊರೆ ಅಲ್ ಕಪೋನ್ ಹೆಸರಲ್ಲಿ ಇಲ್ಲಿ ಬಸ್ ಟೂರ್‌ಗಳೇ ಇವೆ. ನಾವು ಹತ್ತಲಿಲ್ಲ. ನಾರ್ತ್ ಕ್ಲಾರ್ಕ್ ಸ್ಟ್ರೀಟ್‌ಗೆ ಮಾತ್ರ ಹೋದೆವು. 1929ರ ಫೆಬ್ರವರಿ 14ರಂದು ಪೊಲೀಸ್ ವೇಷದವರೂ ಸೇರಿದ ಒಂದು ತಂಡ ಇಲ್ಲಿನ ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಗುಂಡಿಟ್ಟು ಕೊಂದಿತು. ಗ್ಯಾರೇಜನ್ನು 1967ರಲ್ಲಿ ಕೆಡವಿದರು. ಈಗ ಅಲ್ಲಿ ಬರೀ ಹುಲ್ಲು, ನಾಲ್ಕಾರು ಮರ. ಒಂದು ಫಲಕವೂ ಕಾಣಲಿಲ್ಲ. ಕಪೋನ್ ಮೇಲೆ ಕೊಲೆ ಸಾಬೀತಾಗಲಿಲ್ಲ. 1931ರಲ್ಲಿ ಆದಾಯ ತೆರಿಗೆ ಕಟ್ಟಲಿಲ್ಲ ಅಂತ 11 ವರ್ಷ ಜೈಲಾಯಿತು. ನಿಷೇಧಕ್ಕೆ ದಾರಿ ಮಾಡಿಕೊಟ್ಟದ್ದೂ ಆದಾಯ ತೆರಿಗೆ, ಕಪೋನ್‌ನನ್ನು ಹಿಡಿದದ್ದೂ ಅದೇ.

ಗುಂಡಿಗಿಂತ ಜಾಸ್ತಿ ಜನರನ್ನು ಕೊಂದದ್ದು ಸ್ಪಿರಿಟ್. ಕಾರ್ಖಾನೆಗೆ ಬಿಟ್ಟ ಸ್ಪಿರಿಟ್ಟನ್ನು ಕಳ್ಳರು ಕದ್ದು, ಶುದ್ಧ ಮಾಡಿ ಮಾರುತ್ತಿದ್ದರು. ಅದನ್ನು ತಡೆಯಲು ಸರ್ಕಾರವೇ ಅದಕ್ಕೆ ಮೆಥನಾಲ್‌ನಂಥ ವಿಷವನ್ನು ಇನ್ನೂ ಹೆಚ್ಚು ಬೆರೆಸಲು ಹೇಳಿತು. ಕಳ್ಳರು ಮಾರುವುದನ್ನು ನಿಲ್ಲಿಸಲಿಲ್ಲ. ಜನ ಕುಡಿದರು, ಕುರುಡಾದರು, ಸತ್ತರು. ನ್ಯೂಯಾರ್ಕಿನ ಮುಖ್ಯ ವೈದ್ಯಕೀಯ ಪರೀಕ್ಷಕ ಚಾರ್ಲ್ಸ್ ನಾರಿಸ್, ಗೊತ್ತಿದ್ದೂ ವಿಷ ಬೆರೆಸುವ ಸರ್ಕಾರಕ್ಕೆ ಈ ಸಾವುಗಳ ನೈತಿಕ ಹೊಣೆ ಇದೆ ಅಂತ ಬಹಿರಂಗವಾಗಿಯೇ ಹೇಳಿದರು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದು ಇದೇ ಮೆಥನಾಲ್‌ನಿಂದ. ನಾನು ಕೆಲಸಕ್ಕೆ ಸೇರುವ ಮುಂಚಿನ ಮಾತದು. ತರಬೇತಿಯಲ್ಲಿ ನಮಗೆ ಮೊದಲು ಹೇಳಿದ ಪಾಠವೇ ಅದು.

ಹಾಗಂತ ನಿಷೇಧದಿಂದ ಏನೂ ಆಗಲಿಲ್ಲ ಅನ್ನುವುದೂ ಸುಳ್ಳು. ಮೊದಲ ವರ್ಷಗಳಲ್ಲಿ ಕುಡಿತ ತುಂಬಾ ಇಳಿಯಿತು. ಲಿವರ್ ಹಾಳಾಗಿ ಸಾಯುವವರೂ ಕಮ್ಮಿಯಾದರು. ಆಮೇಲೆ ಕುಡಿತ ಮತ್ತೆ ಏರಿತು, ಆದರೂ ಹಳೆಯ ಮಟ್ಟಕ್ಕೆ ಹೋಗಲಿಲ್ಲ. ಕೂಲಿಯವನಿಗೆ ಕಳ್ಳ ಹೆಂಡದ ಬೆಲೆ ಕೈಗೆಟುಕುತ್ತಿರಲಿಲ್ಲ. ಕುಡಿತ ಮುಂದುವರಿಸಿದವನು ದುಡ್ಡಿದ್ದವನು. 1932ರಲ್ಲಿ ನ್ಯೂಯಾರ್ಕಿನಲ್ಲಿ ಕಾರು ಬಡಿದು ಚೇತರಿಸಿಕೊಳ್ಳುತ್ತಿದ್ದ ಚರ್ಚಿಲ್‌ಗೆ ಡಾಕ್ಟರು ಊಟದ ಹೊತ್ತಿಗೆ ಮದ್ಯ ಬೇಕೇ ಬೇಕು ಅಂತ ಚೀಟಿ ಬರೆದುಕೊಟ್ಟಿದ್ದರು. ಕನಿಷ್ಠ 250 ಸಿಸಿ. ಗರಿಷ್ಠ ಎಷ್ಟು ಅಂತ ಬರೆದಿರಲಿಲ್ಲ!

ಇದೇ ಶಿಕಾಗೋದಲ್ಲಿ 1929ರಲ್ಲಿ ಪಾಲಿನ್ ಸೇಬಿನ್ ಎಂಬ ಶ್ರೀಮಂತ ಮಹಿಳೆ ನಿಷೇಧ ತೆಗೆಯಬೇಕು ಅಂತ ಹೆಂಗಸರ ಸಂಘ ಕಟ್ಟಿದರು. ಮೊದಲು ಅವರೂ ನಿಷೇಧದ ಪರವೇ. ಮಕ್ಕಳಿಗೆ ಒಳ್ಳೆಯದಾಗುತ್ತೆ ಅಂದುಕೊಂಡಿದ್ದರು. ಕಾನೂನು ಮುರಿಯುವುದೇ ಫ್ಯಾಷನ್ ಆದ ದೇಶದಲ್ಲಿ ಮಕ್ಕಳು ಬೆಳೆಯುವುದನ್ನು ನೋಡಿ ಮನಸ್ಸು ಬದಲಿಸಿದರು. ಹೆಂಗಸರೆಲ್ಲ ನಮ್ಮ ಹಿಂದೆ ಅನ್ನುತ್ತಿದ್ದ ವಿಲ್ಲರ್ಡ್ ಸಂಘದವರಿಗೆ ಇದು ದೊಡ್ಡ ಏಟು.

ಆರನೇ ದಿನ: ಡೆಟ್ರಾಯಿಟ್

ಬೆಳಗ್ಗೆ ಐದಕ್ಕೆ ಹೊರಟೆವು. ದಾರಿಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು. ಡೆಟ್ರಾಯಿಟ್ ನದಿ ದಂಡೆಯಲ್ಲಿ ಕಲ್ಲು ಹಾಸಿದ ಉದ್ದನೆಯ ಕಾಲುದಾರಿ ಇದೆ. ಆಚೆ ದಡ ಕೆನಡಾದ ವಿಂಡ್ಸರ್. ಕೆನಡಾ ಅಮೆರಿಕದ ಉತ್ತರಕ್ಕಿದೆ ಅಂತ ಶಾಲೆಯಲ್ಲಿ ಓದಿದ್ದೆ. ಇಲ್ಲಿ ದಕ್ಷಿಣಕ್ಕೆ ಕಾಣುತ್ತದೆ. ನನ್ನ ಹತ್ತಿರ ಕೆನಡಾ ವೀಸಾ ಇಲ್ಲ. ಈ ದಡದಲ್ಲೇ ನಿಂತೆ.

ನದಿ ಇಲ್ಲಿ ಒಂದು ಮೈಲಿಯೂ ಅಗಲವಿಲ್ಲ. ಕೂಗಿದರೆ ಕೇಳಿಸುತ್ತೇನೋ ಅನ್ನಿಸುತ್ತದೆ. ಆಚೆ ದಡದಲ್ಲೇ ಹೈರಮ್ ವಾಕರ್ ವಿಸ್ಕಿ ಕಾರ್ಖಾನೆ. ಒಂಟಾರಿಯೋದಲ್ಲೂ ಆಗ ಮದ್ಯ ಮಾರುವಂತಿರಲಿಲ್ಲ, ಆದರೆ ತಯಾರಿಸಿ ಹೊರದೇಶಕ್ಕೆ ಕಳಿಸಬಹುದಿತ್ತು. ಸಣ್ಣ ದೋಣಿಯವನು ಬಂದು ಕ್ಯೂಬಾಕ್ಕೆ ಅಂತ ಕಾಗದ ಮಾಡಿಸುತ್ತಿದ್ದ. ಅಧಿಕಾರಿ ಮುದ್ರೆ ಒತ್ತುತ್ತಿದ್ದ. ದೋಣಿ ಒಂದೇ ದಿನ ಎರಡು ಮೂರು ಸಲ ಕ್ಯೂಬಾಕ್ಕೆ ಹೋಗಿ ಬರುತ್ತಿತ್ತು! ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದಾಗ ಹಳೆಯ ಕಾರುಗಳಲ್ಲೇ ಮಂಜಿನ ಮೇಲೆ ಸಾಗಣೆ. ಮಂಜು ಒಡೆದರೆ ಹಾರಿಕೊಳ್ಳಲು ಬಾಗಿಲು ತೆರೆದಿಟ್ಟುಕೊಂಡೇ ಓಡಿಸುತ್ತಿದ್ದರಂತೆ. 1930ರಲ್ಲಿ ನದಿಯ ಕೆಳಗೆ ಸುರಂಗ ಮಾಡಿದರು. ಟನಲ್ ಅಲ್ಲ ಅದು ಫನಲ್ ಅಂತ ಜನ ಹಾಸ್ಯ ಮಾಡಿದರು. ನಮ್ಮ ಭಾಷೆಯಲ್ಲಿ, ಹೆಂಡ ಸುರಿಯುವ ಲಾಳಿಕೆ.

ಇದೇ ಮಿಶಿಗನ್ ರಾಜ್ಯದಲ್ಲಿ 1928ರಲ್ಲಿ ಹತ್ತು ಮಕ್ಕಳ ತಾಯಿಯೊಬ್ಬಳಿಗೆ ನಾಲ್ಕನೇ ಸಲ ಹೆಂಡ ಮಾರಿ ಸಿಕ್ಕಿಬಿದ್ದಳು ಅಂತ ಜೀವಾವಧಿ ಶಿಕ್ಷೆ ಕೊಟ್ಟರು. ಆಮೇಲೆ ಗವರ್ನರ್ ಕಡಿಮೆ ಮಾಡಿದರು, ಅದು ಬೇರೆ ಮಾತು. ರೀಮಸ್ ಕೊಲೆ ಮಾಡಿಯೂ ಹೊರಗೆ, ಇವಳು ಬಾಟಲಿ ಮಾರಿ ಒಳಗೆ. ಬೆಂಚಿನ ಮೇಲೆ ಕೂತು ಇದನ್ನು ಹೇಳಿದಾಗ ಅಳಿಯಂದಿರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ನೀವು ಯಾರನ್ನಾದ್ರೂ ಹೀಗೆ ಒಳಗೆ ಹಾಕಿಸಿದ್ದೀರಾ ಮಾವ?" ಅಂತ ಕೇಳಿದರು. ಹಾಕಿಸಿದ್ದೇನೆ. ಎರಡು ಲೀಟರ್ ಕ್ಯಾನಿನ ಮುದುಕಿಯನ್ನ. ಮಹಜರು ಬರೆದದ್ದೂ ನಾನೇ.

ಏಳನೇ ದಿನ: ವಾಪಸು

ಡೆಟ್ರಾಯಿಟ್‌ನಿಂದ ಕೊಲಂಬಸ್ ಮೂರೂವರೆ ಗಂಟೆ. ಉಳಿದ ಕಥೆ ದಾರಿಯಲ್ಲೇ ಮುಗಿಯಿತು. 1929ರಲ್ಲಿ ಷೇರುಪೇಟೆ ಬಿದ್ದು ಕೆಲಸ ಹೋದವರು ಬೀದಿ ತುಂಬಿದರು. ಆದಾಯವೇ ಇಲ್ಲದಾಗ ಆದಾಯ ತೆರಿಗೆ ಎಲ್ಲಿಂದ ಬರಬೇಕು? ಖಜಾನೆ ಖಾಲಿಯಾದ ಮೇಲೆ ಎಲ್ಲರಿಗೂ ಹಳೆಯ ಹೆಂಡದ ಸುಂಕ ನೆನಪಾಯಿತು. ಲೀಗಿಗೆ ದೇಣಿಗೆ ಕೊಟ್ಟ ಮನೆತನದ ರಾಕ್‌ಫೆಲರ್ ಜೂನಿಯರ್ ಕೂಡ 1932ರಲ್ಲಿ, ನಿಷೇಧ ಸೋತಿದೆ ಅಂತ ಪತ್ರ ಬರೆದರು. ವೀಲರ್ 1927ರಲ್ಲೇ ತೀರಿಕೊಂಡಿದ್ದ. ಆ ತಿದ್ದುಪಡಿಯ ಕರ್ತೃಗಳಲ್ಲಿ ಒಬ್ಬರಾದ ಟೆಕ್ಸಾಸ್‌ನ ಸೆನೆಟರ್ ಶೆಪರ್ಡ್ 1930ರಲ್ಲಿ ಒಂದು ಮಾತು ಹೇಳಿದ್ದರು: ಹೂಹಕ್ಕಿಯೊಂದು ವಾಷಿಂಗ್ಟನ್ ಸ್ಮಾರಕವನ್ನು ಬಾಲಕ್ಕೆ ಕಟ್ಟಿಕೊಂಡು ಮಂಗಳ ಗ್ರಹಕ್ಕೆ ಹಾರುವುದು ಎಷ್ಟು ಸಾಧ್ಯವೋ, ಇದನ್ನು ತೆಗೆಯುವುದೂ ಅಷ್ಟೇ ಸಾಧ್ಯ ಅಂತ. ಮೂರೇ ವರ್ಷ. ರೂಸ್‌ವೆಲ್ಟ್ ಬಂದರು. 1933ರ ಏಪ್ರಿಲ್ 7ಕ್ಕೆ ತೆಳು ಬಿಯರ್ ಬಂತು. ಶಾಸಕರು ಪಾನವಿರೋಧಿಗಳಿಗೆ ಹೆದರುತ್ತಾರೆ ಅಂತ ನಿಷೇಧ ತೆಗೆಯುವ 21ನೇ ತಿದ್ದುಪಡಿಯನ್ನು ರಾಜ್ಯಗಳ ಶಾಸನಸಭೆಗಳಿಗೆ ಕಳಿಸದೆ, ಅದಕ್ಕೆಂದೇ ಕರೆದ ಸಮ್ಮೇಳನಗಳಿಗೆ ಕಳಿಸಿದರು. ಡಿಸೆಂಬರ್ 5ರಂದು, ಬೇಕಿದ್ದ ಕೊನೆಯ ಸಹಿ ಹಾಕಿದ್ದು ಯೂಟಾ, ಕುಡಿತ ಬೇಡ ಅನ್ನುವ ಮಾರ್ಮನ್ನರ ರಾಜ್ಯ!

ಹೆಂಡದ ವಿಷಯವನ್ನು ಆಯಾ ರಾಜ್ಯಕ್ಕೆ ಬಿಟ್ಟರು. ಮಿಸಿಸಿಪ್ಪಿ 1966ರತನಕ ಬಾಗಿಲು ತೆರೆಯಲಿಲ್ಲ. ಓಹಾಯೋದಲ್ಲಿ ಸ್ಟ್ರಾಂಗ್ ಮಾಲಿನ ವ್ಯಾಪಾರ ಈಗಲೂ ರಾಜ್ಯದ ಹಿಡಿತದಲ್ಲಿದೆ. ಏಜೆನ್ಸಿ ಪಡೆದ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ, ದರ ಎಲ್ಲ ಕಡೆ ಒಂದೇ. ನಮ್ಮ ಪಾನೀಯ ನಿಗಮ ನೆನಪಾಗಿ ಮನೆಗೆ ಬಂದ ಹಾಗಾಯಿತು.

ಮನೆ ಹತ್ತಿರದ ದಿನಸಿ ಅಂಗಡಿಗೆ ಹಾಲಿಗೆ ಅಂತ ನಿಲ್ಲಿಸಿದರು. ಒಳಗೇ ಒಂದು ಮದ್ಯದ ಮೂಲೆ ಇತ್ತು. ನಮ್ಮ ಹಳೆಯ ಸೂಪರಿಂಟೆಂಡೆಂಟರು ಒಂದು ಬಾಟಲಿ ಹೇಳಿದ್ದರು. ಬಾಟಲ್ಡ್ ಇನ್ ಬಾಂಡ್ ಅಂತ ಲೇಬಲ್ ಇರಬೇಕು ಅಂದಿದ್ದರು. 1897ರ ಕಾಯ್ದೆ ಪ್ರಕಾರ ಸರ್ಕಾರದ ನಿಗಾ ಇರುವ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ ಇಟ್ಟ ವಿಸ್ಕಿ. ಔಷಧಿ ಚೀಟಿಗೆ ಕೊಡುತ್ತಿದ್ದದ್ದೂ ಇಂಥದ್ದೇ. ಹುಡುಕಿ ತೆಗೆದೆ. ಅಭ್ಯಾಸಬಲ, ಸೀಲು ತಿರುಗಿಸಿ ನೋಡಿದೆ. ಬೆಳಕಿಗೆ ಹಿಡಿದೆ.

ಕೌಂಟರಿನ ಹುಡುಗಿ ಗುರುತಿನ ಚೀಟಿ ಕೇಳಿದಳು. ನನ್ನ ತಲೆಯಲ್ಲಿ ಒಂದು ಕಪ್ಪು ಕೂದಲಿಲ್ಲ. ಪಾಸ್‌ಪೋರ್ಟ್ ಮನೆಯ ಬೀರುವಿನಲ್ಲಿತ್ತು. ಪರ್ಸಿನಲ್ಲಿದ್ದ ಒಂದೇ ಕಾರ್ಡು ತೆಗೆದು ಕೊಟ್ಟೆ. ನಿವೃತ್ತ ನೌಕರನ ಕಾರ್ಡು, ಅಬಕಾರಿ ಇಲಾಖೆ, ಕನ್ನಡದಲ್ಲಿ, ರೌಂಡ್ ಸೀಲಿನ ಸಮೇತ. ಅವಳು ಅದನ್ನು ನೆಟ್ಟಗೆ ನೋಡಿದಳು. ತಲೆಕೆಳಗು ಮಾಡಿ ನೋಡಿದಳು. ನಗುತ್ತಾ ವಾಪಸು ಕೊಟ್ಟು, ಬಾಟಲಿಯನ್ನು ತನ್ನ ಹಿಂದಿನ ಶೆಲ್ಫಿಗೆ ಇಟ್ಟಳು.

ಅಳಿಯಂದಿರು ಹಾಲಿಗೆ ದುಡ್ಡು ಕೊಟ್ಟರು.